ಇಪ್ಪತ್ತನೇ ತಾರೀಖಿಗೂ ಸಂಜೆ ಆರೂವರೆಗೆ ಬಾಗಿಲು ಹಾಕುವ ಕ್ರಮ: ತೆರಿಗೆ ಕಚೇರಿಯ ನನ್ನ ಅನುಭವ

ಬೆಳಗಾವಿಯಲ್ಲಿ ಜಿಎಸ್‌ಟಿ, ಆದಾಯ ತೆರಿಗೆ ಕೆಲಸ ಮಾಡುವ ಸಣ್ಣ ಕಚೇರಿಗಳಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಬೇರು ಬಿಟ್ಟಿದೆ. ರಿಟರ್ನ್ ಹಾಕಲು ಕೊನೆಯ ದಿನ 20, ಹಾಗಾಗಿ ತಿಂಗಳ 18, 19, 20ರ ರಾತ್ರಿಗಳು ಮನೆಯವರಿಗೆ ಸೇರಿದ್ದಲ್ಲ, ಸರಕಾರದ ಜಿಎಸ್‌ಟಿ ಪೋರ್ಟಲ್‌ಗೆ ಸೇರಿದ್ದು ಅಂತ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗಿನಿಂದ ಈ ರೂಢಿ ಎಷ್ಟು ಪಕ್ಕಾ ಆಗಿದೆಯೆಂದರೆ, ಅದನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ರವಿವಾರ ಪೇಟೆಯ ಕಿರಾಣಿ ಹೋಲ್‌ಸೇಲ್ ಅಂಗಡಿಗಳು, ಖಡೇಬಜಾರದ ಬಟ್ಟೆ ಅಂಗಡಿಗಳು, ಉದ್ಯಮಬಾಗದ ಮಷಿನ್ ಶಾಪ್‌ಗಳು, ಶಹಾಪುರ–ವಡಗಾವಿಯ ಸೀರೆ ವ್ಯಾಪಾರಿಗಳು ನನ್ನ ಗಿರಾಕಿಗಳು. ಇವರೆಲ್ಲರ ರಿಟರ್ನ್ ಹಾಕಿಯೂ ಈಗ ನಾನು 20ರಂದು ಸಂಜೆ ಆರೂವರೆಗೆ ಬಾಗಿಲು ಹಾಕುತ್ತೇನೆ. ಗಿರಾಕಿಗಳನ್ನು ಕಡಿಮೆ ಮಾಡಿಲ್ಲ, ಕೆಲಸದ ಸಾಲನ್ನು ಬದಲಿಸಿದ್ದೇನೆ, ಅಷ್ಟೇ. ಇದೇ ಕಸುಬಿನಲ್ಲಿ ಇರುವವರಿಗೆ ಉಪಯೋಗವಾಗಲಿ ಎಂದು ಮಾಡಿದ್ದನ್ನು ಮಾಡಿದ ಹಾಗೆಯೇ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ. 20ರ ರಾತ್ರಿ ಹಾಳಾಗುವುದು 20ರಂದಲ್ಲ, 5ರಂದು. ಐದನೇ ತಾರೀಖಿಗೆ ಕೈಗೆ ಬರಬೇಕಾದ ಬಿಲ್ಲು ಬರಲಿಲ್ಲ ಎಂದರೆ, ಆಮೇಲೆ ಎಷ್ಟು ಚುರುಕಾಗಿ ಕೆಲಸ ಮಾಡಿದರೂ ರಾತ್ರಿ ಉಳಿಯುವುದಿಲ್ಲ. ಹಾಗಾಗಿ ಬೇಗ ಟೈಪ್ ಮಾಡುವುದು, ಹೊಸ ಕಂಪ್ಯೂಟರ್, ಇನ್ನೊಬ್ಬ ಸಹಾಯಕ, ಇವೆಲ್ಲ ಆಮೇಲಿನ ವಿಚಾರ.

ಕಾಯ್ದೆ ಕೊಟ್ಟಿರುವ ತಾರೀಖುಗಳನ್ನು ಒಂದು ಹಾಳೆಯಲ್ಲಿ ಉದ್ದಕ್ಕೆ ಬರೆದು ಗೋಡೆಗೆ ಹಚ್ಚಿ. 7ಕ್ಕೆ ಟಿಡಿಎಸ್ ಹಣ, ಅಂದರೆ ಕೊಡುವಾಗಲೇ ಹಿಡಿದುಕೊಂಡ ಆದಾಯ ತೆರಿಗೆ. 11ಕ್ಕೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ವಿವರ. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಸಣ್ಣವರಿಗೆ ಇದೇ ವಿವರಕ್ಕೆ 13. 14ಕ್ಕೆ ಪೋರ್ಟಲ್‌ನಲ್ಲಿ 2ಬಿ ತಯಾರಾಗುತ್ತದೆ, ನಮ್ಮ ಗಿರಾಕಿಗೆ ಮಾಲು ಕೊಟ್ಟವರು ತೋರಿಸಿದ ಬಿಲ್ಲುಗಳ ಪಟ್ಟಿ ಅದು. ಖರೀದಿಗೆ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದದ್ದರಲ್ಲಿ ಕಳೆದುಕೊಳ್ಳಲು (ಇದಕ್ಕೇ ಕ್ರೆಡಿಟ್ ಎನ್ನುವುದು) ಗಿರಾಕಿಗೆ ಅದೇ ಆಧಾರ. 15ಕ್ಕೆ ಪಿಎಫ್ ಮತ್ತು ಇಎಸ್‌ಐ. 20ಕ್ಕೆ 3ಬಿ, ಅಂದರೆ ತಿಂಗಳ ತೆರಿಗೆ ಲೆಕ್ಕ ಹಾಕಿ ಕಟ್ಟುವ ರಿಟರ್ನ್, ಅದೇ ದಿನ ವೃತ್ತಿ ತೆರಿಗೆ. ತ್ರೈಮಾಸಿಕದವರ 3ಬಿಗೆ ಕರ್ನಾಟಕದಲ್ಲಿ 22. ಅವರ ತ್ರೈಮಾಸಿಕದ ಮೊದಲ ಎರಡು ತಿಂಗಳ ತೆರಿಗೆಯ ಚಲನ್ 25ಕ್ಕೆ.

ಈ ಹಾಳೆಯನ್ನು ದೂರ ನಿಂತು ನೋಡಿದರೆ ಖಾಲಿ ಜಾಗಗಳು ಕಣ್ಣಿಗೆ ಬೀಳುತ್ತವೆ. 1ರಿಂದ 6ರ ತನಕ ಏನೂ ಇಲ್ಲ. 12, 13ರಂದು ತಿಂಗಳ ರಿಟರ್ನಿನವರಿಗೆ ಏನೂ ಇಲ್ಲ, ಮಾಡಬೇಕೆಂದರೂ 2ಬಿ ಬಂದಿರುವುದಿಲ್ಲ. 25 ದಾಟಿದ ಮೇಲೆ ತಿಂಗಳು ಮುಗಿಯುವವರೆಗೆ ಏನೂ ಇಲ್ಲ. ಅಂದರೆ ಸುಮಾರು ಅರ್ಧ ತಿಂಗಳು ಬಿಡುವಿದೆ. ಆ ಬಿಡುವಿನಲ್ಲಿ ನಾವು ಫೋನ್ ಎತ್ತುತ್ತಾ, ಬಂದವರ ಜೊತೆ ಮಾತಾಡುತ್ತಾ ಕೂತು, ಉಳಿದ ಕೆಲವೇ ದಿನಗಳಲ್ಲಿ ರಾತ್ರಿಯನ್ನು ಸೇರಿಸಿ ಕೆಲಸ ಮುಗಿಸುತ್ತೇವೆ.

ಹೊತ್ತು ಎಲ್ಲಿ ಹೋಗುತ್ತದೆ ಎಂದು ತಿಳಿಯದೆ ಏನನ್ನೂ ಬದಲಿಸಬೇಡಿ. ಒಂದು ಸಾದಾ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿ: ಯಾರು, ಯಾಕೆ, ಎಷ್ಟು ನಿಮಿಷ, ಆಗಲೇ ಮಾಡಲೇಬೇಕಿತ್ತೇ ಇಲ್ಲವೇ. ತಿಂಗಳ 10ರಿಂದ 20ರ ನಡುವಿನ ಒಂದು ವಾರ, 22ರ ಆಚೆಗಿನ ಒಂದು ವಾರ, ಎರಡನ್ನೂ ಬರೆದಿಡಬೇಕು. ಒಂದೇ ವಾರ ಬರೆದರೆ ಅರ್ಧ ಚಿತ್ರ ಮಾತ್ರ ಸಿಗುತ್ತದೆ. ಫೋನ್ ಇಟ್ಟ ಕೂಡಲೇ ಬರೆಯಿರಿ, ಸಂಜೆ ನೆನಪಿಸಿಕೊಂಡು ಬರೆದ ಲೆಕ್ಕ ಯಾವತ್ತೂ ಕಡಿಮೆಯೇ ಇರುತ್ತದೆ. ನಮ್ಮಂಥ ಕಚೇರಿಯಲ್ಲಿ ಈ ಪುಸ್ತಕ ತುಂಬುವುದು ಐದು ಬಗೆಯ ಕೆಲಸಗಳಿಂದ: ಬಿಲ್ಲು ತಂದು ಕೊಡುವವರು, ಒಟಿಪಿ ಕೇಳುವುದು, "ಈ ಸಲ ಟ್ಯಾಕ್ಸ್ ಎಷ್ಟ್ ಬರ್ತೈತ್ರಿ" ಎಂಬ ಪ್ರಶ್ನೆ, ಬ್ಯಾಂಕ್ ಸಾಲಕ್ಕೆ ಕಾಗದ, ನೋಟಿಸಿನ ಗಾಬರಿ. ಇವುಗಳಲ್ಲಿ ಯಾವುದನ್ನೂ ತಪ್ಪಿಸಲು ಆಗುವುದಿಲ್ಲ, ಆದರೆ ಒಂದೊಂದಕ್ಕೂ ಒಂದು ಹೊತ್ತು ಗೊತ್ತು ಮಾಡಬಹುದು.

ಬಿಲ್ಲಿನ ಚೀಲ

ಹೆಚ್ಚು ಬರೆಯಬೇಕಾದದ್ದು ಇದರ ಬಗ್ಗೆಯೇ. ಒಂದೊಂದು ಗಿರಾಕಿಗೂ ಒಂದು ಗಟ್ಟಿ ಬಟ್ಟೆಯ ಚೀಲ ಕೊಡುತ್ತೇನೆ, ಮೇಲೆ ಅಂಗಡಿಯ ಹೆಸರು, ಒಳಗೆ ಲ್ಯಾಮಿನೇಟ್ ಮಾಡಿದ ಒಂದು ಚೀಟಿ. ಚೀಟಿಯಲ್ಲಿ ಆರೇ ಸಾಲು:

ಮಾರಾಟದ ಬಿಲ್ ನಂಬರ್ ಇಲ್ಲಿಂದ ಇಲ್ಲಿವರೆಗೆ.
ರದ್ದಾದ ಬಿಲ್ ನಂಬರ್‌ಗಳು.
ಖರೀದಿ ಬಿಲ್ಲುಗಳು.
ಮಾಲು ವಾಪಸಾದದ್ದರ ಕ್ರೆಡಿಟ್ ನೋಟ್.
ಬ್ಯಾಂಕ್ ಸ್ಟೇಟ್‌ಮೆಂಟ್, ಎಕ್ಸೆಲ್ ಅಥವಾ ಪಿಡಿಎಫ್ ಮಾತ್ರ.
ನಗದು ಖರ್ಚಿನ ಚೀಟಿಗಳು.

ರದ್ದಾದ ಬಿಲ್ಲಿನ ಸಾಲು ಬಹಳ ಮುಖ್ಯ. ನಂಬರ್ 212 ಆದ ಮೇಲೆ 214 ಬಂದರೆ, 213 ರದ್ದಾಗಿದೆಯೋ ಕಳೆದಿದೆಯೋ ಎಂದು ಕೇಳಲು ಫೋನ್ ಹಚ್ಚಬೇಕು, ಅವರು ಅಂಗಡಿಯ ಲೆಕ್ಕ ಬರೆಯುವ ದಿವಾನಜಿಯನ್ನು ಕೇಳಬೇಕು, ದಿವಾನಜಿ ಊಟಕ್ಕೆ ಹೋಗಿರುತ್ತಾರೆ. ಒಂದು ನಂಬರಿಗೆ ಮೂರು ಫೋನ್. ಚೀಟಿಯಲ್ಲಿ ಬರೆಸಿಕೊಂಡರೆ ಒಂದೂ ಬೇಡ.

ವಾಟ್ಸ್ಯಾಪಿನಲ್ಲಿ ಬರುವ ಬಿಲ್ಲಿನ ಫೋಟೋಗಳನ್ನು ಪೂರ್ತಿ ನಿಲ್ಲಿಸಿದ್ದೇನೆ. ಫೋಟೋದಲ್ಲಿ ಕೆಡುವುದು ಯಾವಾಗಲೂ ಒಂದೇ ಜಾಗದಲ್ಲಿ: ಮೇಲಿನ ಅಂಚು ಕತ್ತರಿಸಿ ಹೋಗಿ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ಕಾಣುವುದಿಲ್ಲ. ಬೆಳಗಾವಿಯಲ್ಲಿ ಆ ಎರಡು ಅಂಕಿಗಳೇ ಎಲ್ಲ. 29 ಇದ್ದರೆ ಕರ್ನಾಟಕ, 27 ಮಹಾರಾಷ್ಟ್ರ, 30 ಗೋವಾ. ರಾಜ್ಯದೊಳಗೇ ಇರುವ ನಿಪ್ಪಾಣಿಯಿಂದ ಬಂದ ಮಾಲಿಗೆ ಸಿಜಿಎಸ್‌ಟಿ–ಎಸ್‌ಜಿಎಸ್‌ಟಿ, ಅಲ್ಲಿಂದ ಅರ್ಧ ತಾಸು ಮುಂದೆ ಮಹಾರಾಷ್ಟ್ರದಲ್ಲಿರುವ ಊರಿನಿಂದ ಬಂದರೆ ಐಜಿಎಸ್‌ಟಿ. ಅದಕ್ಕೇ ಚೀಲ ಬಂದ ಕೂಡಲೇ ಮೊದಲು ಮಾಡಿಸುವ ಕೆಲಸ, ಖರೀದಿ ಬಿಲ್ಲುಗಳನ್ನು 29, 27, 30 ಮತ್ತು ಇತರೆ ಎಂದು ನಾಲ್ಕು ಗುಡ್ಡೆ ಮಾಡುವುದು. ಎಂಟ್ರಿಗೆ ಕೂರುವವರು ಒಂದು ಗುಡ್ಡೆ ಮುಗಿಸಿ ಇನ್ನೊಂದನ್ನು ತೆಗೆಯುತ್ತಾರೆ, ತೆರಿಗೆಯ ಬಗೆ ನಡುವೆ ಬದಲಾಗುವುದಿಲ್ಲ, ತಪ್ಪೂ ಆಗುವುದಿಲ್ಲ. ಮಾರಾಟದಲ್ಲೂ ಇದೇ. ಐಜಿಎಸ್‌ಟಿ ಕಟ್ಟಬೇಕಾದಲ್ಲಿ ಸಿಜಿಎಸ್‌ಟಿ–ಎಸ್‌ಜಿಎಸ್‌ಟಿ ಕಟ್ಟಿಬಿಟ್ಟರೆ ಸರಿಯಾದದ್ದನ್ನು ಮತ್ತೆ ಕಟ್ಟಿ, ಮೊದಲಿನದನ್ನು ರಿಫಂಡ್ ಕೇಳಬೇಕು. ಅದರ ಓಡಾಟ ಎಷ್ಟು ಸಂಜೆಗಳನ್ನು ತಿನ್ನುತ್ತದೆ ಎಂದು ಮಾಡಿದವರಿಗೆ ಗೊತ್ತು.

ದೂರದ ಗಿರಾಕಿ ಚೀಲ ಕಳಿಸಲು ಆಗದಿದ್ದರೆ ಮೊಬೈಲಿನ ಸ್ಕ್ಯಾನ್ ಆ್ಯಪಿನಿಂದ ಒಂದೇ ಪಿಡಿಎಫ್ ಮಾಡಿ ಇಮೇಲ್ ಮಾಡಲಿ. ಫೈಲಿನ ಹೆಸರು ಹೀಗೆ: ತಿಂಗಳು, ಅಂಗಡಿ, ಖರೀದಿ ಅಥವಾ ಮಾರಾಟ. ಇಪ್ಪತ್ತು ಬಿಡಿ ಫೋಟೋಗಳನ್ನು ಇಳಿಸಿ, ತಿರುಗಿಸಿ, ಹೆಸರು ಕೊಡುವ ಕೆಲಸ ನಮ್ಮದಲ್ಲ. ಥರ್ಮಲ್ ಕಾಗದದ ಬಿಲ್ಲು, ಅಂದರೆ ಪೆಟ್ರೋಲ್ ಪಂಪ್, ಹೋಟೆಲಿನ ಮಿನುಗು ಕಾಗದದ್ದು, ಕೆಲವು ತಿಂಗಳಲ್ಲಿ ಬಿಳಿಚಿಕೊಳ್ಳುತ್ತದೆ. ಅದನ್ನು ಬಂದ ದಿನವೇ ಸ್ಕ್ಯಾನ್ ಮಾಡಿಡಬೇಕು.

ಗಡುವು 5ನೇ ತಾರೀಖು ಸಂಜೆ. ಗಿರಾಕಿಗಳನ್ನು ಈ ತಾರೀಖಿಗೆ ಒಪ್ಪಿಸುವುದೇ ಕಷ್ಟ, ಯಾಕೆಂದರೆ ಅವರ ತಲೆಯಲ್ಲಿ ಕೂತಿರುವುದು 20. ನಮ್ಮ ತೊಂದರೆ ಹೇಳಿಕೊಂಡರೆ ಯಾರೂ ಬದಲಾಗುವುದಿಲ್ಲ. ಅವರ ವ್ಯಾಪಾರದ ತೊಂದರೆ ಹೇಳಿದರೆ ಮರುತಿಂಗಳೇ ಚೀಲ ಬರುತ್ತದೆ. ಮಾತು ನಡೆಯುವುದು ಹೆಚ್ಚುಕಡಿಮೆ ಹೀಗೆ:

"ಸರ, ಬಿಲ್ ಹದಿನೆಂಟಕ್ಕ ಕೊಟ್ರ ನಡೀತೈತಲ್ರಿ? ಹೆಂಗೂ ಇಪ್ಪತ್ತಕ್ಕ ಲಾಸ್ಟ್ ಡೇಟ್ ಐತಿ."

"ನಿಮ್ಮ ತ್ರೀ ಬಿ ಇಪ್ಪತ್ತಕ್ಕ ಹೋಗ್ತೈತ್ರಿ ಅಣ್ಣಾರ. ಆದ್ರ ಹನ್ನೊಂದಕ್ಕ ಒನ್ ಹೋಗಲಿಲ್ಲಂದ್ರ, ನಿಮ್ಮ ಕಡೆ ಮಾಲ್ ತಗೊಂಡ ಗೋಕಾಕದ ಪಾರ್ಟಿಗೆ ಈ ತಿಂಗಳ ಟೂ ಬಿ ಒಳಗ ಆ ಬಿಲ್ ಕಾಣೂದಿಲ್ಲ. ಕಾಣಲಿಲ್ಲಂದ್ರ ಅವರು ನಿಮಗ ರೊಕ್ಕ ಕೊಡೂ ಮುಂದ ಜಿಎಸ್‌ಟಿ ಅಷ್ಟ ಹಿಡಕೊಂಡು ಉಳಿದದ್ದು ಕೊಡ್ತಾರ."

"ಹಂಗಂದ್ರ ಅವರು ಮೊನ್ನಿ ಹಿಡದದ್ದು ಇದಕ್ಕ ಏನ್ರಿ?"

ಇಲ್ಲಿಗೆ ಮಾತು ಮುಗಿಯುತ್ತದೆ. ಇದು ಹೆದರಿಸುವ ಮಾತಲ್ಲ. 11 ದಾಟಿ ಹಾಕಿದ ತಿಂಗಳ ಮಾರಾಟ ವಿವರ ಕೊಂಡವರ 2ಬಿಯಲ್ಲಿ ಬರುವುದು ಮುಂದಿನ ತಿಂಗಳು. ಉದ್ಯಮಬಾಗದ ದೊಡ್ಡ ಫೌಂಡ್ರಿಗಳಿಗೆ ಜಾಬ್ ವರ್ಕ್ ಮಾಡಿಕೊಡುವ ಸಣ್ಣ ಶಾಪಿನವರಿಗೆ ಇದು ಮೊದಲೇ ಗೊತ್ತಿರುತ್ತದೆ, ಅವರ ಚೀಲ 3ಕ್ಕೇ ಬರುತ್ತದೆ. ಚಿಲ್ಲರೆ ಗಿರಾಕಿಗೆ ಮಾರುವ ಅಂಗಡಿಯವರಿಗೆ ಈ ವಾದ ನಾಟುವುದಿಲ್ಲ. ಅವರಿಗೆ ಶುಲ್ಕದ ದಾರಿಯೇ ಸರಿ.

ಶುಲ್ಕದಲ್ಲಿ "ದಂಡ" ಎಂಬ ಪದ ತರಬೇಡಿ. ಸಂಬಂಧ ಕೆಡುತ್ತದೆ. ಏಪ್ರಿಲ್ 1ರಂದು ಹೊಸ ವರ್ಷದ ಶುಲ್ಕ ಪತ್ರ ಕೊಡುವಾಗಲೇ ಎರಡು ದರ ಬರೆಯಿರಿ: 5ರೊಳಗೆ ಚೀಲ ಕೊಟ್ಟ ತಿಂಗಳಿಗೆ ಇಷ್ಟು, ಆಮೇಲೆ ಕೊಟ್ಟ ತಿಂಗಳಿಗೆ ಅದರ ಮೇಲೆ ಕಾಲು ಭಾಗ ಹೆಚ್ಚು. ವರ್ಷದ ನಡುವೆ ಶುರು ಮಾಡಿದರೆ ಜಗಳ, ವರ್ಷದ ಆರಂಭದಲ್ಲಿ ಆದರೆ ಅದು ಕರಾರು.

ತಡವಾಗಿ ಬಂದ ಚೀಲ ಸಾಲಿನ ಕೊನೆಗೆ ಹೋಗುತ್ತದೆ. ಎಷ್ಟೇ ಬೇಕಾದವರಾಗಿರಲಿ, ಸಾವು ಮತ್ತು ಆಸ್ಪತ್ರೆ ಬಿಟ್ಟು ಬೇರೆ ಕಾರಣಕ್ಕೆ ಸಾಲು ತಪ್ಪಿಸುವುದಿಲ್ಲ. ಒಬ್ಬರಿಗೆ ಒಂದು ಸಲ ಬಿಟ್ಟರೆ ಪೇಟೆಯಲ್ಲಿ ಮರುದಿನವೇ ಎಲ್ಲರಿಗೂ ಗೊತ್ತಾಗುತ್ತದೆ. ಅವರ 3ಬಿ 20ರೊಳಗೆ ಮುಗಿಯದಿದ್ದರೆ ಏನಾಗುತ್ತದೆ ಎಂಬ ಲೆಕ್ಕವನ್ನು ಅವರಿಗೇ ಬರಹದಲ್ಲಿ ಕೊಡುತ್ತೇನೆ: ಲೇಟ್ ಫೀ ದಿನಕ್ಕೆ 50 ರೂಪಾಯಿ, ತೆರಿಗೆ ಏನೂ ಇಲ್ಲದ ರಿಟರ್ನಿಗೆ 20 ರೂಪಾಯಿ, ನಗದಾಗಿ ಕಟ್ಟಬೇಕಾದ ತೆರಿಗೆಗೆ ವರ್ಷಕ್ಕೆ ಶೇ. 18 ಬಡ್ಡಿ. 40,000 ರೂಪಾಯಿ ತೆರಿಗೆ ಒಂದು ದಿನ ತಡವಾದರೆ ಬಡ್ಡಿ ಸುಮಾರು 20 ರೂಪಾಯಿ. ತಡ ಮಾಡಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ತಡವಾಗುವುದು ಒಳ್ಳೆಯದೂ ಅಲ್ಲ. ಆದರೆ ಗಿರಾಕಿ ತಾನೇ 19ರ ಸಂಜೆ ಚೀಲ ತಂದಾಗ, ಅವರ 70 ರೂಪಾಯಿ ಉಳಿಸಲು ನಮ್ಮ ಕಚೇರಿಯ ಇಬ್ಬರು ಹುಡುಗಿಯರನ್ನು ರಾತ್ರಿ ಹತ್ತರವರೆಗೆ ಕೂರಿಸುವುದು ನ್ಯಾಯವಲ್ಲ. ಅವರು ಸಾಂಬ್ರಾಕ್ಕೂ ಕಾಕತಿಗೂ ಬಸ್ಸು ಹಿಡಿದು ಹೋಗಬೇಕು.

ಒಬ್ಬೊಬ್ಬರದಲ್ಲ, ಹಂತ ಹಂತವಾಗಿ

ಹಳೆಯ ಕ್ರಮದಲ್ಲಿ ಒಂದು ಅಂಗಡಿಯ ಫೈಲ್ ತೆಗೆದರೆ ಎಂಟ್ರಿಯಿಂದ ಹಿಡಿದು ರಿಟರ್ನ್ ಹಾಕುವವರೆಗೆ ಅದನ್ನೇ ಮಾಡಿ ಮುಗಿಸುತ್ತಿದ್ದೆವು. ಕಿರ್ದಿ, ಖತಾವಣಿ ಬರೆಯುವ ಕಾಲದಿಂದ ಬಂದ ಅಭ್ಯಾಸ ಅದು, ಆಗ ಅದು ಸರಿಯೂ ಇತ್ತು, ಏಕೆಂದರೆ ಪುಸ್ತಕ ಒಂದೇ ಇರುತ್ತಿತ್ತು. ಈಗ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್, ಎಕ್ಸೆಲ್, ಪೋರ್ಟಲ್, ಬ್ಯಾಂಕ್ ಎಂದು ನಾಲ್ಕು ಕಡೆ ಕೆಲಸ. ಒಂದೊಂದು ಗಿರಾಕಿಗೂ ನಾಲ್ಕು ಕಡೆ ಓಡಾಡಿದರೆ ಲಾಗಿನ್, ಕ್ಯಾಪ್ಚಾ, ಫೋಲ್ಡರ್ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಒಂದು ಕಡೆಯ ಕೆಲಸವನ್ನು ಎಲ್ಲ ಗಿರಾಕಿಗಳಿಗೂ ಒಟ್ಟಿಗೆ ಮುಗಿಸಿ ಮುಂದಿನ ಕಡೆಗೆ ಹೋಗುವುದೇ ಈಗಿನ ಕ್ರಮ.

1ರಿಂದ 5: ಚೀಲ ತೆಗೆದುಕೊಳ್ಳುವುದು, ಗುಡ್ಡೆ ಮಾಡುವುದು, ಬ್ಯಾಂಕ್ ಸ್ಟೇಟ್‌ಮೆಂಟ್‌ಗಳನ್ನು ಒಂದೇ ಕೂರಿಕೆಯಲ್ಲಿ ಎಕ್ಸೆಲ್‌ಗೆ ತಂದು ಟ್ಯಾಲಿಗೆ ಸೇರಿಸುವುದು. ಈಚೆಗೆ ಕಿರಾಣಿ ಅಂಗಡಿಯವರ ಸ್ಟೇಟ್‌ಮೆಂಟ್‌ನಲ್ಲಿ 20, 50, 120 ರೂಪಾಯಿಯ ಯುಪಿಐ ಸಾಲುಗಳು ನೂರಾರು ಇರುತ್ತವೆ. ಅವನ್ನು ಒಂದೊಂದಾಗಿ ಹಾಕಬೇಡಿ. ಎಕ್ಸೆಲ್‌ನಲ್ಲಿ ದಿನದ ಒಟ್ಟು ಮಾಡಿ ಒಂದು ಎಂಟ್ರಿ, ಅದಕ್ಕೆ ಎದುರಾಗಿ ಆ ದಿನದ ಮಾರಾಟ. ಆದರೆ ಒಂದು ಮಿತಿಗಿಂತ ದೊಡ್ಡ ಮೊತ್ತ, ಉದಾಹರಣೆಗೆ 10,000 ದಾಟಿದ್ದು ಬಂದರೆ ಬೇರೆ ತೆಗೆದು ಹೆಸರು ಕೇಳಿ ಬರೆಯಬೇಕು; ಅದು ಮಾರಾಟವಾಗಿರದೆ ಕೈಗಡವೋ ಮನೆಯವರು ಕಳಿಸಿದ ಹಣವೋ ಆಗಿರುವುದುಂಟು.

6ರಿಂದ 10: ಮಾರಾಟ ಮಾತ್ರ. ನಡುವೆ 7ರ ಟಿಡಿಎಸ್ ಚಲನ್, ಅದನ್ನು 6ಕ್ಕೇ ಕಟ್ಟಿಸುತ್ತೇನೆ. ಜಿಎಸ್‌ಟಿಆರ್-1 ಅನ್ನು 10ಕ್ಕೆ ಮುಗಿಸುತ್ತೇನೆ. 13ರ ಗಡುವಿನ ತ್ರೈಮಾಸಿಕದವರದೂ ಅದೇ ದಿನ. ಮಾರಾಟ ವಿವರವನ್ನು ಸಾವಕಾಶವಾಗಿ ನೋಡಿ ಹಾಕಲೇಬೇಕಾದ ಇನ್ನೊಂದು ಕಾರಣವಿದೆ: 3ಬಿಯಲ್ಲಿ ಕಟ್ಟಬೇಕಾದ ತೆರಿಗೆ ಈಗ ಇದರಿಂದಲೇ ಬಂದು ಕೂರುತ್ತದೆ, ಅಲ್ಲಿ ಕೈಯಿಂದ ತಿದ್ದುವ ಹಳೆಯ ಸೌಲಭ್ಯವನ್ನು ನಂಬಿಕೊಳ್ಳುವಂತಿಲ್ಲ. ತಪ್ಪಿದ್ದರೆ 3ಬಿ ಹಾಕುವ ಮೊದಲು ಜಿಎಸ್‌ಟಿಆರ್-1ಎಯಲ್ಲಿ ಸರಿಪಡಿಸಬೇಕು.

12 ಮತ್ತು 13 ರಜೆ. ಕಚೇರಿಗೆ ಬೀಗ. ರವಿವಾರ ಬಂದರೆ ರಜೆ ಎಂಬುದಕ್ಕಿಂತ, ಕೆಲಸವೇ ನಿಂತಿರುವ ದಿನ ರಜೆ ತೆಗೆದುಕೊಳ್ಳುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ರವಿವಾರದ ರಜೆ 19ಕ್ಕೆ ಬಿದ್ದರೆ ಅದು ರಜೆಯಾಗಿ ಉಳಿಯುವುದೇ ಇಲ್ಲ. ಮಕ್ಕಳ ಶಾಲೆ ಇರುವ ದಿನವೇ ನಮಗೆ ರಜೆಯಾದರೆ ಏನು ಮಾಡುವುದು ಎಂದು ಕೇಳುವವರಿದ್ದಾರೆ. ಅದು ನಿಜವಾದ ಕಷ್ಟವೇ. ಆದರೆ 20ರ ಆಸುಪಾಸಿನ ಸಂಜೆಗಳೂ ರವಿವಾರಗಳೂ ಮನೆಗೆ ವಾಪಸು ಬರುತ್ತವೆ, ಆ ಲೆಕ್ಕ ನೋಡಿ. ಸಹಾಯಕರಿಗೆ ವಾರದ ರಜೆ ಮಾತ್ರ ತಪ್ಪಿಸಬೇಡಿ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಅದು ಅವರ ಹಕ್ಕು. 12–13 ಅದರ ಮೇಲೆ ಸೇರಿದ್ದು.

ಈ ರಜೆಯನ್ನು ಗಿರಾಕಿಗಳು ಒಪ್ಪುವರೇ ಎಂಬ ಅಂಜಿಕೆ ಬೇಡ. ನಮ್ಮ ಸೀಮೆಯಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಬಿತ್ತಿಗೆಯ ಹದ ಎಷ್ಟೇ ಚೆನ್ನಾಗಿರಲಿ, ಬಸವಣ್ಣನ ದಿನ ನೊಗ ಹೊರಿಸಿದರೆ ಊರೇ ಮಾತಾಡುತ್ತದೆ. ದಿನ ಖಾಯಂ ಇದ್ದರೆ ಯಾರೂ ತಕರಾರು ತೆಗೆಯುವುದಿಲ್ಲ. ಒಂದು ತಿಂಗಳು ಇದ್ದು ಇನ್ನೊಂದು ತಿಂಗಳು ಇಲ್ಲದಿದ್ದರೆ ಎಲ್ಲರೂ ತಕರಾರು ತೆಗೆಯುತ್ತಾರೆ.

14ರ ಮಧ್ಯಾಹ್ನದ ಮೇಲೆ ಎಲ್ಲರ 2ಬಿ ಇಳಿಸುವುದು. 15, 16: ಖರೀದಿ ತಾಳೆ, ಅಂದರೆ ಚೀಲದ ಖರೀದಿ ಬಿಲ್ಲುಗಳನ್ನು 2ಬಿ ಜೊತೆ ಹೋಲಿಸುವುದು. 17ಕ್ಕೆ ಒಬ್ಬೊಬ್ಬರಿಗೂ ಕಟ್ಟಬೇಕಾದ ಮೊತ್ತ, ಚಲನ್ ಸಮೇತ. 18ಕ್ಕೆ ರಿಟರ್ನ್. 19, 20 ಖಾಲಿ, ತೊಡಕು ಬಂದ ಫೈಲುಗಳಿಗೆ ಮಾತ್ರ.

19, 20 ಖಾಲಿ ಇಡುವುದು ಸೋಮಾರಿತನವಲ್ಲ. ಕೊನೆಯ ದಿನ ಪೋರ್ಟಲ್ ನಿಧಾನ ಆಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಕೆಟ್ಟದ್ದು ಹಣ ಕಟ್ಟುವಲ್ಲಿ ಆಗುತ್ತದೆ. ಬ್ಯಾಂಕ್ ಕೌಂಟರಿನಲ್ಲಿ ನಗದಾಗಿ ಕಟ್ಟಲು 10,000 ರೂಪಾಯಿಯ ಮಿತಿ ಇದೆ. ನೆಫ್ಟ್ ಮೂಲಕ ಕಟ್ಟಿದ್ದು ಕ್ಯಾಶ್ ಲೆಡ್ಜರಿಗೆ, ಅಂದರೆ ಪೋರ್ಟಲ್ಲಿನಲ್ಲಿ ಗಿರಾಕಿಗೆ ಇರುವ ಹಣದ ಖಾತೆಗೆ, ಬರಲು ಹೊತ್ತು ಹಿಡಿಯುತ್ತದೆ. ನೆಟ್ ಬ್ಯಾಂಕಿಂಗ್‌ನಲ್ಲೂ ಒಮ್ಮೊಮ್ಮೆ ಖಾತೆಯಿಂದ ಹಣ ಕಡಿತವಾಗಿ ಲೆಡ್ಜರಿನಲ್ಲಿ ಕಾಣುವುದಿಲ್ಲ. ಆಗ ಗಾಬರಿಯಿಂದ ಎರಡನೇ ಸಲ ಕಟ್ಟಬಾರದು, ಕಾಯಬೇಕು. ಬಾರದಿದ್ದರೆ ಪಿಎಂಟಿ-07 ಅರ್ಜಿ ಹಾಕಬೇಕು. 18ಕ್ಕೆ ಕಟ್ಟಿದವರಿಗೆ ಕಾಯಲು ಎರಡು ದಿನ ಇರುತ್ತದೆ. ಚಲನ್ ತೆಗೆದ ಮೇಲೆ 15 ದಿನ ಚಾಲ್ತಿಯಲ್ಲಿರುತ್ತದೆ, ಆದ್ದರಿಂದ 17ಕ್ಕೇ ತೆಗೆದು ಕಳಿಸಲು ಅಡ್ಡಿಯಿಲ್ಲ.

ಬೆಳಗಿನ ಹೊತ್ತು

ಕಷ್ಟದ ತಾಳೆಯ ಕೆಲಸವನ್ನು ರಾತ್ರಿಗೆ ಇಟ್ಟುಕೊಳ್ಳುವುದು ನಮ್ಮ ಕಸುಬಿನ ಇನ್ನೊಂದು ಹಳೆಯ ರೂಢಿ. "ರಾತ್ರಿ ಗದ್ದಲ ಇರಂಗಿಲ್ಲ" ಎಂಬುದು ಕಾರಣ. ಗದ್ದಲ ಇರುವುದಿಲ್ಲ ನಿಜ, ಆದರೆ ತಲೆಯೂ ಇರುವುದಿಲ್ಲ. ಬಿಲ್ ನಂಬರಿನಲ್ಲಿ ಸೊನ್ನೆ ಮತ್ತು ಓ ಅಕ್ಷರ, 5 ಮತ್ತು ಎಸ್ ಅದಲುಬದಲಾಗಿ ಓದಿಸುವುದು ರಾತ್ರಿ ಒಂಬತ್ತರ ಮೇಲೆ. ಗದ್ದಲ ಇಲ್ಲದ ಇನ್ನೊಂದು ಹೊತ್ತು ನಮ್ಮ ಕೈಯಲ್ಲೇ ಇದೆ: ಪೇಟೆ ತೆರೆಯುವ ಮೊದಲು. ಬೆಳಿಗ್ಗೆ ಎಂಟೂವರೆಯಿಂದ ಹನ್ನೊಂದರವರೆಗೆ ಅಂಗಡಿಯವರು ಕಸ ಗುಡಿಸಿ, ಪೂಜೆ ಮಾಡಿ, ಬೋಣಿಗೆಗೆ ಕಾಯುತ್ತಿರುತ್ತಾರೆ, ನಮ್ಮ ನೆನಪು ಅವರಿಗೆ ಬರುವುದಿಲ್ಲ. ಆ ಎರಡೂವರೆ ತಾಸು 2ಬಿ ತಾಳೆಗೆ, ನೋಟಿಸಿನ ಉತ್ತರಕ್ಕೆ, ಬ್ಯಾಲೆನ್ಸ್ ಶೀಟಿಗೆ ಮೀಸಲು. ಗುಡ್ಡೆ ಮಾಡುವುದು, ಸ್ಕ್ಯಾನ್, ಫೈಲಿಂಗ್, ಚೀಲ ವಾಪಸು ತುಂಬುವುದು ಸಂಜೆಯ ಕೆಲಸ.

ಫೋನಿನ ಹೊತ್ತು 11ರಿಂದ 1, ಸಂಜೆ 4:30ರಿಂದ 6. ಕಚೇರಿಗೆ ಬೇರೆ ಸಿಮ್, ಬೇರೆ ಹ್ಯಾಂಡ್‌ಸೆಟ್. ಸಂಜೆ ಅದು ಮೇಜಿನ ಖಾನೆಯಲ್ಲೇ ಉಳಿಯುತ್ತದೆ. ಒಂದೇ ಹ್ಯಾಂಡ್‌ಸೆಟ್‌ನಲ್ಲಿ ಎರಡು ಸಿಮ್ ಹಾಕಿಕೊಂಡರೆ ಈ ಉಪಾಯ ಕೆಲಸ ಮಾಡುವುದಿಲ್ಲ, ಫೋನ್ ಕೈಯಲ್ಲೇ ಇರುತ್ತದಲ್ಲ. ಬೆಳಗಿನ ಹೊತ್ತಿಗೆ ಆಂಡ್ರಾಯ್ಡ್‌ನ ಡು ನಾಟ್ ಡಿಸ್ಟರ್ಬ್ ಹಾಕಿ, ಮನೆಯವರ ನಂಬರುಗಳಿಗೆ ಮಾತ್ರ ನಕ್ಷತ್ರದ ಗುರುತು ಕೊಡಿ. ಅದರಲ್ಲಿ "ಪುನಃ ಕರೆ ಮಾಡುವವರು" ಎಂಬ ಆಯ್ಕೆ ಇರುತ್ತದೆ, 15 ನಿಮಿಷದೊಳಗೆ ಎರಡನೇ ಸಲ ಹಚ್ಚಿದವರ ಕರೆಯನ್ನು ಅದು ಒಳಗೆ ಬಿಡುತ್ತದೆ. ಅದನ್ನು ಬಂದ್ ಮಾಡಿಡಿ. ನಮ್ಮ ವ್ಯಾಪಾರಿಗಳು ಎತ್ತುವವರೆಗೆ ಹಚ್ಚುತ್ತಲೇ ಇರುತ್ತಾರೆ.

ವಾಟ್ಸ್ಯಾಪ್ ಬಿಸಿನೆಸ್‌ನಲ್ಲಿ ಹೊತ್ತು ಗೊತ್ತು ಮಾಡಿ ತಾನಾಗಿ ಹೋಗುವ ಸಂದೇಶ ಇಡಬಹುದು. ನಾನು ಇಟ್ಟಿರುವುದು: "ನಮಸ್ಕಾರ. ಫೋನಿನ ಹೊತ್ತು 11ರಿಂದ 1, 4:30ರಿಂದ 6. ಬಿಲ್ಲುಗಳನ್ನು ಇಲ್ಲಿ ಕಳಿಸಬೇಡಿರಿ, ಚೀಲದಲ್ಲಿ ಅಥವಾ ಇಮೇಲಿಗೆ ಕಳಿಸಿರಿ. ನೋಟಿಸ್ ಬಂದಿದ್ದರೆ ಪಿಡಿಎಫ್ ಇಲ್ಲಿ ಹಾಕಿರಿ, ನಾಳೆ 11ಕ್ಕೆ ನಾವೇ ಫೋನ್ ಹಚ್ಚುತ್ತೇವೆ." ಇದರ ಕೆಳಗೆ ಮರಾಠಿಯಲ್ಲೂ ಅದೇ, ಬೆಳಗಾವಿಯಲ್ಲಿ ಅದು ಬೇಕು. "ನಾವೇ ಫೋನ್ ಹಚ್ಚುತ್ತೇವೆ" ಎಂದ ಮೇಲೆ 11ಕ್ಕೆ ಹಚ್ಚಲೇಬೇಕು. "ಆಮೇಲೆ ನೋಡೋಣ್ರಿ" ಎಂದವರಿಗೆ ಹತ್ತು ಸಲ ಫೋನ್ ಬರುತ್ತದೆ, ಹೊತ್ತು ಹೇಳಿ ಅದರಂತೆ ನಡೆದವರಿಗೆ ಬರುವುದಿಲ್ಲ. ಗಿರಾಕಿಗಳ ಗ್ರೂಪ್ ಮಾತ್ರ ಮಾಡಬೇಡಿ, ಒಬ್ಬರ ಲೆಕ್ಕದ ಮಾತು ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿ ಸರಿ, ಒಂದು ಪಟ್ಟಿಯಲ್ಲಿ 256 ಜನ. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ, ಹಾಗಾಗಿ ಚೀಲ ಕೊಡುವ ದಿನವೇ ಅವರ ಮೊಬೈಲಿನಲ್ಲಿ ನಂಬರ್ ಸೇವ್ ಮಾಡಿಸಿ.

ಒಟಿಪಿ ಹೊತ್ತು ಬೇರೆ. ಸ್ವಂತ ಮಾಲೀಕತ್ವದ ಅಂಗಡಿಗಳ ರಿಟರ್ನ್ ಮಾಲಕರ ಮೊಬೈಲಿಗೆ ಬರುವ ಒಟಿಪಿಯಿಂದ ಪೂರ್ತಿಯಾಗುತ್ತದೆ, ಅದರ ಆಯುಷ್ಯ ಕೆಲವೇ ನಿಮಿಷ. ಮಾಲಕರು ಗೋವಾಕ್ಕೆ ಮಾಲು ಹಾಕಲು ಹೊರಟು ಚೋರ್ಲಾ ಘಾಟಿನಲ್ಲಿದ್ದರೆ ನೆಟ್‌ವರ್ಕ್ ಸಿಗುವುದಿಲ್ಲ. ಎಲ್ಲರ 3ಬಿಯನ್ನೂ ತುಂಬಿ ಸೇವ್ ಮಾಡಿಟ್ಟು, 17ರ ಸಂಜೆಯೇ "ನಾಳೆ 12ರಿಂದ 1ರ ನಡುವೆ ಒಟಿಪಿ ಬರುತ್ತದೆ, ಫೋನ್ ಹತ್ತಿರ ಇರಲಿ, ಹೊರಗೆ ಹೋಗುವವರಿದ್ದರೆ ಈಗಲೇ ಹೇಳಿರಿ" ಎಂದು ತಿಳಿಸುತ್ತೇವೆ. ಪ್ರವಾಸ ಹೆಚ್ಚಿರುವವರಿಗೆ ಡಿಜಿಟಲ್ ಸಹಿ ಮಾಡಿಸಿಬಿಡುವುದು ಅಗ್ಗ.

ಬ್ಯಾಂಕಿನವರಿಗೆ ಬೇಕಾಗುವ ಕಾಗದ ಪ್ರತಿ ಸಲ ಹೆಚ್ಚುಕಡಿಮೆ ಅವೇ: ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ ಮತ್ತು ಲೆಕ್ಕದ ಹಾಳೆ, ಬ್ಯಾಲೆನ್ಸ್ ಶೀಟ್, ಜಿಎಸ್‌ಟಿ ಪ್ರಮಾಣಪತ್ರ, ಹನ್ನೆರಡು ತಿಂಗಳ 3ಬಿ. 25ರ ಆಚೆಗಿನ ಬಿಡುವಿನಲ್ಲಿ ಪ್ರತಿಯೊಬ್ಬರಿಗೂ ಈ ಫೋಲ್ಡರ್ ತಯಾರು ಮಾಡಿ ಅವರ ಇಮೇಲಿಗೇ ಹಾಕಿಬಿಟ್ಟರೆ "ಅರ್ಜೆಂಟ್ ಐತ್ರಿ, ಮ್ಯಾನೇಜರ್ ಕುಂತಾರ" ಎಂಬ ಫೋನ್ ನಿಲ್ಲುತ್ತದೆ.

ನೋಟಿಸ್ ಬಂದವರ ಗಾಬರಿ ಹೆಚ್ಚಾಗಿ ರಾತ್ರಿಯೇ ಬರುತ್ತದೆ, ಊಟ ಮುಗಿಸಿ ಇಮೇಲ್ ನೋಡಿದಾಗ. ಯಾವ ನೋಟಿಸಿಗೆ ಎಷ್ಟು ದಿನ ಇದೆ ಎಂದು ತಿಳಿದಿದ್ದರೆ ರಾತ್ರಿ ಏಳುವ ಅಗತ್ಯವಿಲ್ಲ ಎಂಬುದು ಗೊತ್ತಾಗುತ್ತದೆ. ರಿಟರ್ನಿನ ವ್ಯತ್ಯಾಸಕ್ಕೆ ವಿವರಣೆ ಕೇಳುವ ಎಎಸ್‌ಎಂಟಿ-10ಕ್ಕೆ, ಬಾಕಿ ತೆರಿಗೆ ಕೇಳುವ ಡಿಆರ್‌ಸಿ-01ಕ್ಕೆ 30 ದಿನ. ರಿಟರ್ನ್ ಹಾಕಿಲ್ಲ ಎಂಬ 3ಎ ನೋಟಿಸಿಗೆ 15 ದಿನ. ಅವಸರದವು ಮೂರು: ನೋಂದಣಿ ರದ್ದು ಮಾಡುವ ಆರ್‌ಇಜಿ-17ಕ್ಕೆ ಏಳು ಕೆಲಸದ ದಿನ, ಒನ್ ಮತ್ತು ತ್ರೀ ಬಿ ನಡುವಿನ ವ್ಯತ್ಯಾಸದ ಡಿಆರ್‌ಸಿ-01ಬಿ, ಕ್ರೆಡಿಟ್ ಹೆಚ್ಚು ತೆಗೆದ ಡಿಆರ್‌ಸಿ-01ಸಿ, ಎರಡಕ್ಕೂ ಏಳು ದಿನ, ಉತ್ತರ ಕೊಡದಿದ್ದರೆ ಮುಂದಿನ ಜಿಎಸ್‌ಟಿಆರ್-1 ಹಾಕಲು ಬಿಡುವುದಿಲ್ಲ. ಇದಕ್ಕಾಗಿಯೇ ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಎಲ್ಲ ಗಿರಾಕಿಗಳ ಪೋರ್ಟಲ್ ತೆರೆದು ನೋಟಿಸ್ ಕಾಲಂ ನೋಡುವ ಕೆಲಸ ಒಬ್ಬ ಸಹಾಯಕರಿಗೆ ವಹಿಸಿದ್ದೇನೆ. ಇಮೇಲ್ ನಂಬಿ ಕೂರುವಂತಿಲ್ಲ, ಎಷ್ಟೋ ನೋಂದಣಿಗಳಲ್ಲಿ ಇರುವುದು ಯಾರೂ ತೆರೆಯದ ಹಳೆಯ ಇಮೇಲ್.

ಬಂದವರ ವಿಷಯ ನಾಜೂಕಿನದು. ಕಚೇರಿಗೆ ಬಂದ ಹಿರಿಯ ಸಾವಕಾರರನ್ನು ಚಹಾ ಕೊಡದೆ, ಬಾಗಿಲಲ್ಲೇ ಕಳಿಸುವುದು ನಮ್ಮಲ್ಲಿ ಆಗದ ಮಾತು, ಆಗಬೇಕಾದದ್ದೂ ಅಲ್ಲ. 1ರಿಂದ 5ರವರೆಗೆ ಬಾಗಿಲ ಪಕ್ಕ ಒಂದು ಮೇಜು ಹಾಕುತ್ತೇವೆ. ಚೀಲವನ್ನು ಅಲ್ಲೇ ತೆರೆದು, ಚೀಟಿಯ ಆರು ಸಾಲು ಅವರೆದುರೇ ಗುರುತು ಹಾಕಿ, ಸಹಾಯಕರು ಪೋಚು (ರಸೀದಿ) ಕೊಡುತ್ತಾರೆ. ಚಹಾ ಅಲ್ಲಿಯೇ. ಮಾತಾಡಬೇಕೆಂದವರಿಗೆ 22ರಿಂದ 28ರ ನಡುವೆ ದಿನ ಬರೆದುಕೊಡುತ್ತೇವೆ, ಆಗ ಅರ್ಧ ತಾಸು ನಿಶ್ಚಿಂತೆಯಿಂದ ಕೂತು ಮಾತಾಡುತ್ತೇನೆ. ವ್ಯಾಪಾರ ವಿಸ್ತರಿಸಬೇಕೇ, ಮಗನನ್ನು ಪಾಲುದಾರ ಮಾಡಬೇಕೇ, ಇಂಥ ಮಾತಿಗೆ ಆ ವಾರವೇ ಸರಿ. 19ರ ಗಡಿಬಿಡಿಯಲ್ಲಿ ಇಂಥ ಸಲಹೆ ಕೊಡಲೂಬಾರದು.

ಹಬ್ಬದ ತಿಂಗಳುಗಳಲ್ಲಿ ಗಡುವನ್ನೇ ಹಿಂದಕ್ಕೆ ಸರಿಸಬೇಕು. ಬೆಳಗಾವಿಯಲ್ಲಿ ಗಣಪತಿ ಹಬ್ಬ ಅಂದರೆ ಹನ್ನೊಂದು ದಿನ, ವಿಸರ್ಜನೆಯ ಮೆರವಣಿಗೆ ಅಂದರೆ ಮರುದಿನದವರೆಗೆ. 2026ರಲ್ಲಿ ಚೌತಿ ಸೆಪ್ಟೆಂಬರ್ 14ಕ್ಕೆ, ಸರಿಯಾಗಿ 2ಬಿ ಬರುವ ದಿನ. ಮುಂಗಡ ತೆರಿಗೆಯ ಎರಡನೇ ಕಂತು ಮರುದಿನ 15ಕ್ಕೆ. ಅಂಥ ತಿಂಗಳಲ್ಲಿ ಚೀಲದ ಗಡುವು 5 ಅಲ್ಲ, 2. ಮುಂಗಡ ತೆರಿಗೆಯ ಅಂದಾಜು ಆಗಸ್ಟ್ ಕೊನೆಯ ವಾರವೇ ತಯಾರಾಗಬೇಕು. ನವೆಂಬರ್ 1ರ ರಾಜ್ಯೋತ್ಸವದಂದು ಚನ್ನಮ್ಮ ವೃತ್ತದ ಕಡೆ ಕಾಲಿಡಲು ಆಗುವುದಿಲ್ಲ, ಆ ತಿಂಗಳು ಚೀಲ 2ರ ನಂತರವೇ ಬರುತ್ತದೆ ಎಂದು ಹಿಡಿದುಕೊಳ್ಳಿ.

ಮೊದಲ ಮೂರು ತಿಂಗಳು ಎಲ್ಲವೂ ಸುಸೂತ್ರ ಆಗುವುದಿಲ್ಲ. ಕೆಲವರು 5ಕ್ಕೆ ಅರ್ಧ ಚೀಲ ತಂದು "ಉಳದದ್ದು ನಾಳೆ" ಎನ್ನುತ್ತಾರೆ. ಅರ್ಧ ಚೀಲವನ್ನು ತೆಗೆದುಕೊಳ್ಳಬೇಡಿ, ಮೇಜಿನಿಂದಲೇ ವಾಪಸು ಕಳಿಸಿ. ಕೆಲವರು ಬಿಟ್ಟು ಹೋಗುತ್ತಾರೆ. ನೋಟ್‌ಬುಕ್ಕಿನ ಮೂರನೇ ಕಾಲಂ ತೆಗೆದು ನೋಡಿದರೆ, ಬಿಟ್ಟು ಹೋಗುವವರ ಹೆಸರು ನಿಮಿಷಗಳ ಪಟ್ಟಿಯಲ್ಲಿ ಮೇಲೆಯೇ ಇರುತ್ತದೆ, ಶುಲ್ಕದ ಪಟ್ಟಿಯಲ್ಲಿ ಕೆಳಗೆ.

ಮಾರ್ಚ್ ಮೂರನೇ ವಾರದಲ್ಲಿ ಮುಂದಿನ ವರ್ಷದ ತಾರೀಖಿನ ಕಾರ್ಡ್ ಅಚ್ಚು ಹಾಕಿಸುತ್ತೇನೆ. ಅಂಗೈ ಅಗಲದ ದಪ್ಪ ಕಾಗದ, ಒಂದು ಬದಿ ಹನ್ನೆರಡು ತಿಂಗಳ ಚೀಲದ ಗಡುವು, ಇನ್ನೊಂದು ಬದಿ ಫೋನಿನ ಹೊತ್ತು ಮತ್ತು 12–13ರ ರಜೆ. ಕಾಯ್ದೆಯ ತಾರೀಖುಗಳನ್ನು ಅದರಲ್ಲಿ ಹಾಕುವುದಿಲ್ಲ. 20 ಎಂದು ಅಚ್ಚಾದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಈ ಕಾರ್ಡನ್ನು ಮಾಲಕರ ಕೈಗೆ ಕೊಟ್ಟರೆ ಗಲ್ಲೆಯ ಕೆಳಗೆ ಸೇರುತ್ತದೆ. ದಿವಾನಜಿಯ ಕೈಗೆ ಕೊಡಿ, ಬಿಲ್ಲು ಕೂಡಿಸುವವರು ಅವರು.